ಕಪ್ಪಡಿಯ ರಾತ್ರಿ ಹಾಡು

ಮಂಟೇಸ್ವಾಮಿ ಹಾಡನ್ನು ಮೊಬೈಲಿನಲ್ಲಿ ಕೇಳಿರುತ್ತೀರಿ. ಹಾಡುವವರ ಎದುರಿಗೇ ಕೂತು ಕೇಳಿದ್ದೀರಾ?

ಕೆ.ಆರ್. ನಗರ ತಾಲ್ಲೂಕಿನ ಕಾವೇರಿ ದಡದಲ್ಲಿ ಕಪ್ಪಡಿ ಇದೆ. ಅಲ್ಲಿ ರಾಚಪ್ಪಾಜಿ, ಚನ್ನಾಜಮ್ಮ ಅವರ ಗದ್ದುಗೆ ಇದೆ. ಶಿವರಾತ್ರಿಗೆ ಜಾತ್ರೆ ಶುರು. ಆಗ ನೀಲಗಾರರು ಬರುತ್ತಾರೆ. ಮಂಟೇಸ್ವಾಮಿ ಕತೆ ಹಾಡುವವರು ಇವರೇ. ನೀಲಗಾರರಾಗಲು ಇಂಥದೇ ಜಾತಿ ಬೇಕು ಅಂತಿಲ್ಲ. ದೀಕ್ಷೆ ಪಡೆಯಬೇಕು, ಅಷ್ಟೇ.

ಮೇಳದ ಹಿರಿಯರು ತಂಬೂರಿ ಮೀಟಿ ಹಾಡು ಎತ್ತುತ್ತಾರೆ. ಗಗ್ಗರ ಗಲ್ಲೆನ್ನುತ್ತದೆ. ಡಕ್ಕೆ, ತಾಳದವರು ಸೊಲ್ಲು ಹಿಡಿಯುತ್ತಾರೆ. ನಡುನಡುವೆ ಮಾತಿನಲ್ಲೂ ಕತೆ ಹೇಳುತ್ತಾರೆ. ಮಂಟೇಸ್ವಾಮಿ ಬಂದು, "ನಿಮ್ಮ ಮಗ ಕೆಂಪಾಚಾರೀನ ನನಗೆ ಕೊಡಿ" ಅಂತ ಕೇಳುತ್ತಾರೆ. ಹೆತ್ತವರು ಹೇಗೆ ಕೊಟ್ಟಾರು? ಆ ಹುಡುಗನೇ ಮುಂದೆ ಸಿದ್ದಪ್ಪಾಜಿ. ಈ ಭಾಗ ಬಂದಾಗ ಹೆಂಗಸರು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾರೆ. ಜನ ಎದ್ದು ಹೋಗದಿದ್ದರೆ ಹಾಡು ಬೆಳೆಯುತ್ತದೆ. ಬೆಳಗೂ ಆಗುತ್ತದೆ.

"ಹೆಂಗಸರು ರಾತ್ರಿಯೆಲ್ಲ ಹೊರಗೆ ಹೆಂಗವ್ವಾ ಇರೋದು?"

ಒಬ್ಬರೇ ಬೇಡ. ನಾಲ್ಕು ಜನ ಜೊತೆಯಾಗಿ ಹೋಗಿ. ಬುತ್ತಿ, ಕಂಬಳಿ ಇರಲಿ. ಬಸ್ಸಿನ ಬೋರ್ಡು ನೀವೇ ಓದಿ ಹತ್ತಿ. ಒಂದು ರಾತ್ರಿ ಮನೆಯ ಗಂಡಸರು ಮಕ್ಕಳನ್ನು ನೋಡಿಕೊಳ್ಳಲಿ. ಅವರೂ ಎಷ್ಟೋ ರಾತ್ರಿ ನಾಟಕ ನೋಡಲು ಹೋಗಿದ್ದಾರಲ್ಲ!

ಈ ಕಾವ್ಯ ಬಾಯಿಂದ ಬಾಯಿಗೆ ಬಂದದ್ದು. ಕೇಳಿದವರು ಬರೆದುಕೊಂಡು ಅಚ್ಚು ಹಾಕಿಸಿದ್ದಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪುಸ್ತಕ 1997ರಲ್ಲಿ ಬಂತು. ಈಗ ನೀವೂ ಓದಬಹುದು. ಆದರೆ ಗಗ್ಗರದ ಸದ್ದು ಪುಸ್ತಕದಲ್ಲಿ ಇಲ್ಲ.

ಬರೆಯಿರಿ:
ನಿಮ್ಮೂರಲ್ಲಿ ಹಾಡು ಬಲ್ಲವರು ಯಾರು?
ಅವರು ಯಾರಿಂದ ಕಲಿತರು?