‘ಯೀಲ್ಡ್’ ಎಂಬ ಕ್ರಿಯಾಪದದ ಅರ್ಥವೂ ಪ್ರಯೋಗವೂ



ಈ ಸ್ಮರಣ ಸಂಚಿಕೆಗಾಗಿ ಇಂಗ್ಲಿಷು ಭಾಷಾಭ್ಯಾಸದ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯಬೇಕೆಂದು ಕೇಳಿಕೊಂಡಾಗ, ಹಿಂದೆ ನಾನು ತಿದ್ದಿದ ಎರಡು ಪ್ರಬಂಧ ಪುಸ್ತಕಗಳು ನೆನಪಿಗೆ ಬಂದವು. ಒಂದರಲ್ಲಿ ಒಬ್ಬ ಹುಡುಗಿಯು, ತನ್ನನ್ನು ಶಾಲೆ ಬಿಡಿಸಬೇಕೆಂದಿದ್ದ ತಂದೆಯವರು ಕಡೆಗೆ ಮನಸ್ಸು ಕರಗಿ ಓದಲು ಒಪ್ಪಿದರೆಂಬ ಸಂತೋಷದ ಸಂಗತಿಯನ್ನು ತಿಳಿಸುತ್ತ, ‘ಮೈ ಫಾದರ್ ಸಕಂಬ್ಡ್’ ಎಂದು ಬರೆದಿದ್ದಳು. ಓದಿದವರು, ಪಾಪ, ಆಕೆಯ ತಂದೆ ತೀರಿಹೋದರೆಂದೇ ತಿಳಿದಾರು! ಇನ್ನೊಂದರಲ್ಲಿ ಬೇರೊಬ್ಬಳು ತನ್ನ ವಿಷಯವಾಗಿ ಬರೆಯುತ್ತ, ‘ಐ ಯೀಲ್ಡೆಡ್’ ಎಂಬ ಎರಡೇ ಶಬ್ದಗಳಿಂದ ಪ್ರಬಂಧವನ್ನು ಮುಗಿಸಿದ್ದಳು. ಅದರಲ್ಲಿ ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ಆ ಎರಡನೆಯ ಪುಸ್ತಕದ ಸಂಗತಿಯನ್ನು ಕಡೆಯಲ್ಲಿ ಹೇಳುವೆನು. ಮೊದಲು ಶಬ್ದವನ್ನು ವಿಚಾರಿಸೋಣ.

‘ಯೀಲ್ಡ್’ ಎಂಬುದು ಇಂಗ್ಲಿಷಿನ ಬಹು ಹಳೆಯ ಮಾತು. ಪ್ರಾಚೀನ ಇಂಗ್ಲಿಷಿನಲ್ಲಿ ಅದರ ಅರ್ಥವು ಮಣಿಯುವುದು ಎಂದಲ್ಲ, ‘ಸಲ್ಲಿಸುವುದು, ಸಲ್ಲತಕ್ಕ ಹಣವನ್ನು ಕೊಡುವುದು’ ಎಂದಾಗಿತ್ತು. ಜರ್ಮನ್ ಭಾಷೆಯಲ್ಲಿ ಹಣಕ್ಕೆ ಹೇಳುವ ‘ಗೆಲ್ಡ್’ ಎಂಬ ಶಬ್ದವು ಇದರ ಬಳಗದ್ದೇ. ಕಾಲಕ್ರಮದಲ್ಲಿ ಕೊಡುವುದೆಂಬ ಅರ್ಥವು ಎರಡು ಕವಲಾಯಿತು. ಭೂಮಿಯು ಬೆಳೆಯನ್ನು ಕೊಡುವುದು, ಮರವು ಹಣ್ಣನ್ನು ಕೊಡುವುದು, ಇದು ಒಂದು. ಎದುರಾಳಿಗೆ ಸ್ಥಳವನ್ನೋ ಹಕ್ಕನ್ನೋ ಬಿಟ್ಟುಕೊಡುವುದು, ಅಂದರೆ ಮಣಿಯುವುದು, ಇದು ಇನ್ನೊಂದು. ಕನ್ನಡದಲ್ಲಿ ಮೊದಲನೆಯದಕ್ಕೆ ಇಳುವರಿ ಎಂದೂ ಎರಡನೆಯದಕ್ಕೆ ಮಣಿತವೆಂದೂ ಬೇರೆ ಬೇರೆ ಮಾತುಗಳುಂಟು. ಆದರೂ ನಮ್ಮ ಗದ್ದೆಯ ಅಂಚಿನಲ್ಲಿ ನಿಂತು ನೋಡಿದರೆ ಎರಡೂ ಅರ್ಥಗಳು ಒಂದೇ ಕಡೆ ಕಾಣಸಿಗುತ್ತವೆ: ಕಾಳು ತುಂಬಿದ ತೆನೆಯೇ ಬಾಗುವುದು, ಜೊಳ್ಳು ನೆಟ್ಟಗೆ ನಿಲ್ಲುವುದು.

ಪ್ರಯೋಗದಲ್ಲಿ ಗಮನಿಸತಕ್ಕ ನಿಯಮವು ಇಷ್ಟೇ. ಫಲ ಕೊಡುವುದು ಅಥವಾ ಒಂದು ವಸ್ತುವನ್ನು ಬಿಟ್ಟುಕೊಡುವುದು ಎಂಬ ಅರ್ಥದಲ್ಲಿ ಈ ಕ್ರಿಯಾಪದವು ಸಕರ್ಮಕ. ಕರ್ಮಪದವು ನೇರವಾಗಿ ಹಿಂದೆಯೇ ಬರುವುದು. ಮಣಿಯುವುದೆಂಬ ಅರ್ಥದಲ್ಲಿ ಅಕರ್ಮಕ. ಯಾರಿಗೆ ಅಥವಾ ಯಾತಕ್ಕೆ ಎಂಬುದನ್ನು ‘ಟು’ ಎಂಬ ಅವ್ಯಯದಿಂದ ಸೂಚಿಸಬೇಕು. ‘ಐ ಯೀಲ್ಡೆಡ್ ಟು ಮೈ ಮದರ್’ ಎಂದರೆ ತಾಯಿಯ ಮಾತಿಗೆ ಮಣಿದೆನು ಎಂದರ್ಥ. ‘ಟು’ ಬಿಟ್ಟುಹೋದರೆ ತಾಯಿಯನ್ನೇ ಬಿಟ್ಟುಕೊಟ್ಟೆನು ಎಂದಾಗುವುದು! ಒಂದು ಸಣ್ಣ ಅವ್ಯಯದಲ್ಲಿ ಎಷ್ಟು ಅಂತರವಿದೆ, ನೋಡಿರಿ.

ಇನ್ನು ಇದರ ನೆರೆಹೊರೆಯ ಶಬ್ದಗಳು. ‘ಗಿವ್ ಇನ್’ ಎಂಬುದು ಮನೆಮಾತಿನ ರೂಪ. ಹಟ ಮಾಡಿ ಮಾಡಿ ಸೋತು ಒಪ್ಪುವುದಕ್ಕೆ ಸಲ್ಲುತ್ತದೆ. ‘ಸಬ್ಮಿಟ್’ ಎಂಬುದು ಲ್ಯಾಟಿನಿನಿಂದ ಬಂದದ್ದು. ಅಧಿಕಾರದ ಕೆಳಗೆ ತನ್ನನ್ನು ಇರಿಸಿಕೊಳ್ಳುವ ಭಾವ ಅದರಲ್ಲಿದೆ. ಅರ್ಜಿಯನ್ನು ಸಲ್ಲಿಸುವುದಕ್ಕೂ ಅದೇ ಮಾತು. ‘ಸರೆಂಡರ್’ ಎಂದರೆ ಎಲ್ಲವನ್ನೂ ಒಪ್ಪಿಸಿಬಿಡುವುದು. 1945ನೆಯ ಇಸವಿ ಸೆಪ್ಟೆಂಬರ್ 2ರಂದು ಟೋಕಿಯೊ ಕೊಲ್ಲಿಯಲ್ಲಿ ‘ಮಿಸೌರಿ’ ಎಂಬ ಯುದ್ಧನೌಕೆಯ ಮೇಲೆ ಜಪಾನಿನ ಪ್ರತಿನಿಧಿಗಳು ಸಹಿ ಹಾಕಿದ ಪತ್ರಕ್ಕೆ ಈ ಮಾತೇ ತಕ್ಕದ್ದು. ‘ಸಕಂಬ್’ ಎಂದರೆ ಭಾರದ ಅಡಿಯಲ್ಲಿ ಬಿದ್ದುಬಿಡುವುದು. ರೋಗಕ್ಕೆ, ಗಾಯಕ್ಕೆ, ಆಶೆಗೆ ಬಲಿಯಾಗುವುದು. ‘ರಿಲೆಂಟ್’ ಎಂಬುದು ಕಠಿಣವಾಗಿದ್ದವರು ಮೆತ್ತಗಾಗುವುದು. ಎಡೆಬಿಡದೆ ಸುರಿದ ಮಳೆ ಹೊಳವಾದರೂ ಇಂಗ್ಲಿಷಿನಲ್ಲಿ ಹಾಗೆಯೇ ಹೇಳುವರು. ನಮ್ಮ ಮೊದಲನೆಯ ಹುಡುಗಿಯ ತಂದೆಗೆ ಸಲ್ಲಬೇಕಾದ ಶಬ್ದವು ಇದೇ. ಬಲವುಳ್ಳವನು ಕರಗಿದರೆ ‘ರಿಲೆಂಟ್’, ಒತ್ತಾಯಕ್ಕೆ ಒಳಗಾದವನು ಬಾಗಿದರೆ ‘ಯೀಲ್ಡ್’ ಎಂದು ನೆನಪಿಟ್ಟುಕೊಂಡರೆ ಬಹುಮಟ್ಟಿಗೆ ತಪ್ಪಾಗದು.

ಹಾಗಾದರೆ ಮಣಿಯುವುದು ಗುಣವೋ ದೋಷವೋ? ನಮ್ಮ ಗಾದೆಗಳೇ ಎರಡು ಬಗೆಯಾಗಿ ನುಡಿಯುತ್ತವೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ಒಂದು. ‘ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು’ ಎಂದು ಇನ್ನೊಂದು. ಇಲ್ಲಿ ಶಬ್ದದ ಮೂಲಾರ್ಥವು ನಮಗೆ ದೀಪವಾಗುತ್ತದೆ. ಸಲ್ಲತಕ್ಕದ್ದನ್ನು ಸಲ್ಲಿಸುವುದು ಎಂಬುದಲ್ಲವೇ ಅದರ ಮೊದಲ ಅರ್ಥ? ಆದುದರಿಂದ ನಾನು ಬಿಟ್ಟುಕೊಡುವುದು ಅವರಿಗೆ ನಿಜವಾಗಿ ಸಲ್ಲತಕ್ಕದ್ದೇ ಎಂದು ಕೇಳಿಕೊಳ್ಳಬೇಕು.

ಅಮೆರಿಕದ ಓಕ್ಲಹೋಮ ಪ್ರಾಂತದ ಟಲ್ಸಾ ನಗರದಲ್ಲಿ 1950ರಲ್ಲಿ ರಸ್ತೆಗಳು ಕೂಡುವ ಒಂದು ಕಡೆ ‘ಯೀಲ್ಡ್’ ಎಂಬ ಫಲಕವನ್ನು ಮೊದಲು ನೆಟ್ಟರು. ನಮ್ಮ ದೇಶದಲ್ಲಿ ತಲೆಕೆಳಗಾದ ತ್ರಿಕೋನದ ಗುರುತು ಅದನ್ನೇ ಹೇಳುತ್ತದೆ. ಅಲ್ಲಿ ನಿಧಾನಿಸಿ ದಾರಿ ಬಿಡುವವನು ಸೋತವನಲ್ಲ. ಹೆದ್ದಾರಿಯಲ್ಲಿ ಬರುವವನಿಗೆ ಸಲ್ಲತಕ್ಕ ದಾರಿಯನ್ನು ಸಲ್ಲಿಸಿದವನು. ಅದೇ ದೇಶದ ಮಾಂಟ್ಗೊಮರಿ ನಗರದಲ್ಲಿ 1955ನೆಯ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಕಪ್ಪು ಜನಾಂಗದ ಮಹಿಳೆಗೆ, ಬಿಳಿಯ ಪ್ರಯಾಣಿಕನಿಗಾಗಿ ಬಸ್ಸಿನಲ್ಲಿ ಆಸನವನ್ನು ಬಿಟ್ಟೇಳಬೇಕೆಂದು ಚಾಲಕನು ಆಜ್ಞಾಪಿಸಿದನು. ಆಕೆ ಕೂಗಾಡಲಿಲ್ಲ; ಏಳಲೂ ಇಲ್ಲ. ಆಕೆಯನ್ನು ಬಂಧಿಸಿದರು. ಅಲ್ಲಿಯ ಕಪ್ಪು ಜನರು 381 ದಿವಸ ಬಸ್ಸುಗಳನ್ನು ಬಹಿಷ್ಕರಿಸಿದರು. 1956ರ ಡಿಸೆಂಬರಿನಲ್ಲಿ ಬಸ್ಸಿನೊಳಗಿನ ಆ ಭೇದವು ನ್ಯಾಯಾಲಯದ ಆಜ್ಞೆಯಿಂದ ಕೊನೆಗೊಂಡಿತು. ಮೈಬಣ್ಣದ ಕಾರಣದಿಂದ ಕೇಳಿದ ಆ ಆಸನವು ಯಾರಿಗೂ ಸಲ್ಲತಕ್ಕದ್ದಾಗಿರಲಿಲ್ಲ. ಟಲ್ಸಾದ ಫಲಕಕ್ಕೆ ಮಣಿಯುವುದೂ ಮಾಂಟ್ಗೊಮರಿಯಲ್ಲಿ ಮಣಿಯದಿದ್ದುದೂ ಒಂದೇ ನ್ಯಾಯದ ಎರಡು ಮುಖಗಳು.

ವಿಜ್ಞಾನದ ತರಗತಿಯವರಿಗೆ ಇನ್ನೊಂದು ಪ್ರಯೋಗವೂ ಗೊತ್ತಿರಬೇಕು. ಉಕ್ಕಿನ ಸಲಾಕೆಯನ್ನು ಜಗ್ಗಿದರೆ ಒಂದು ಮೇರೆಯವರೆಗೆ ಅದು ಹಿಗ್ಗಿ, ಬಿಟ್ಟೊಡನೆ ಮೊದಲಿನಂತಾಗುವುದು. ಆ ಮೇರೆಗೆ ‘ಯೀಲ್ಡ್ ಪಾಯಿಂಟ್’ ಎಂದು ಹೆಸರು. ಅದನ್ನು ದಾಟಿಸಿ ಜಗ್ಗಿದ ಸಲಾಕೆಯು ಮತ್ತೆ ಮೊದಲಿನ ಅಳತೆಗೆ ಬಾರದು. ಮನುಷ್ಯರ ಮನಸ್ಸಿಗೂ ಇಂಥ ಮೇರೆಯುಂಟೆಂದು ನನ್ನ ನಂಬಿಕೆ.

ಈಗ ಆ ಎರಡನೆಯ ಪುಸ್ತಕ. ‘ಐ ಯೀಲ್ಡೆಡ್’ ಎಂಬುದರ ಕೆಳಗೆ ನಾನು ಕೆಂಪು ಶಾಯಿಯಿಂದ ಸರಿ ಗುರುತು ಹಾಕಿ, ‘ಚೆನ್ನಾಗಿದೆ’ ಎಂದು ಬರೆದು ಪುಸ್ತಕವನ್ನು ಹಿಂದಿರುಗಿಸಿದೆನು. ಯಾರಿಗೆ, ಯಾತಕ್ಕೆ ಎಂದು ತಿಳಿಸುವ ‘ಟು’ ಅಲ್ಲಿ ಇಲ್ಲವೆಂಬುದು ನನ್ನ ಕಣ್ಣಿಗೆ ಬೀಳಲಿಲ್ಲ. ಬೇಸಿಗೆಯ ರಜೆ ಕಳೆದು ಶಾಲೆ ತೆರೆದಾಗ ಆಕೆ ಬರಲಿಲ್ಲ. ಮನೆಯಲ್ಲಿ ಹಣದ ಅಡಚಣೆಯಿತ್ತೆಂದೂ, ತಮ್ಮನ ಓದು ನಡೆಯಲೆಂದು ಆಕೆಯ ಓದನ್ನು ನಿಲ್ಲಿಸಿದರೆಂದೂ ಆಮೇಲೆ ತಿಳಿಯಿತು. ತಾನು ಎಂದೂ ಮಾಡದ ಸಾಲವನ್ನು ಆ ಹುಡುಗಿ ತೀರಿಸಿದ್ದಳು. ಆ ದಿನವೇ ಕರೆದು, ‘ಯಾತಕ್ಕೆ ಮಣಿದೆ, ಮಗಳೇ?’ ಎಂದು ಕೇಳಿದ್ದರೆ ಶುಲ್ಕಕ್ಕೆ ಏನಾದರೂ ದಾರಿಯನ್ನು ಹುಡುಕಬಹುದಾಗಿತ್ತು. ತಪ್ಪು ಆಕೆಯ ಇಂಗ್ಲಿಷಿನಲ್ಲಿ ಇರಲಿಲ್ಲ, ನನ್ನ ಓದಿನಲ್ಲಿ ಇತ್ತು. ಅಂದಿನಿಂದ ಪುಸ್ತಕದಲ್ಲಿ ಈ ಮಾತನ್ನು ಕಂಡಾಗಲೆಲ್ಲ ಅಂಚಿನಲ್ಲಿ ‘ಯಾರಿಗೆ? ಯಾತಕ್ಕೆ?’ ಎಂದು ಬರೆಯುತ್ತೇನೆ. ಅದು ವ್ಯಾಕರಣದ ಪ್ರಶ್ನೆಯೆಂದು ಹುಡುಗಿಯರು ಭಾವಿಸುತ್ತಾರೆ. ವ್ಯಾಕರಣದ ಪ್ರಶ್ನೆಯೂ ಹೌದು.

ವಿದ್ಯಾರ್ಥಿನಿಯರೇ, ಹಿರಿಯರ ಅನುಭವಕ್ಕೆ, ಸತ್ಯಕ್ಕೆ, ನಿಮಗಿಂತ ಸರಿಯಾದ ಯುಕ್ತಿಗೆ ಸಂತೋಷವಾಗಿ ಮಣಿಯಿರಿ. ಅದು ತುಂಬಿದ ತೆನೆಯ ಬಾಗು. ಸಲ್ಲದ್ದನ್ನು ಯಾರಾದರೂ ಕೇಳಿದರೆ ವಿನಯದಿಂದ ಕಾರಣ ಕೇಳಿರಿ. ಒಬ್ಬರೇ ನಿಲ್ಲಲಾರಿರಾದರೆ ನಮ್ಮಲ್ಲಿಗೆ ಬನ್ನಿರಿ, ಕೊಠಡಿಯ ಬಾಗಿಲು ತೆರೆದಿದೆ. ಈ ಕ್ರಿಯಾಪದವನ್ನು ಬರೆಯುವಾಗಲೂ ಬಾಳುವಾಗಲೂ ‘ಟು’ ಎಂಬುದನ್ನು ಮರೆಯದಿರಿ.