ದೇವರಾಜ ಮಾರುಕಟ್ಟೆಯಲ್ಲೊಂದು ಕನ್ನಡ ಪಾಠ

ನುಡಿಯ ಅಭ್ಯಾಸವು ಗ್ರಂಥಗಳಿಂದಲೇ ಆಗಬೇಕೆಂಬ ನಂಬಿಕೆಯಲ್ಲಿ ಬೆಳೆದವನು ನಾನು. ಅಮರಕೋಶವನ್ನು ಬಾಯಿಪಾಠ ಮಾಡಿ, ಶಬ್ದಮಣಿದರ್ಪಣವನ್ನು ಗುರುಗಳ ಮುಂದೆ ಕುಳಿತು ಓದಿದವನಿಗೆ, ತರಕಾರಿಯ ಅಂಗಡಿಯೂ ಒಂದು ಪಾಠಶಾಲೆಯೆಂದು ತಿಳಿಯಲು ಬಹುಕಾಲ ಹಿಡಿಯಿತು. ಒಂಬತ್ತನೆಯ ತರಗತಿಯ ಮಕ್ಕಳನ್ನು ಮೈಸೂರಿನ ದೇವರಾಜ ಮಾರುಕಟ್ಟೆಗೆ ಕರೆದೊಯ್ದ ಒಂದು ಬೆಳಗಿನ ಅನುಭವವನ್ನು ಶಿಕ್ಷಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಚಿಕ್ಕಗಡಿಯಾರದ ಸಮೀಪದಲ್ಲಿರುವ ಈ ಮಾರುಕಟ್ಟೆಯನ್ನು ಹೊಕ್ಕರೆ ಒಂದೆಡೆ ಹೂವಿನ ರಾಶಿ, ಒಂದೆಡೆ ಗೋಪುರದಂತೆ ಒಟ್ಟಿದ ಕುಂಕುಮ, ಮುಂದೆ ಬಾಳೆಯ ಗೊನೆಗಳು, ವೀಳ್ಯದೆಲೆ, ಸೊಪ್ಪು, ತರಕಾರಿ. ನೂರು ವರ್ಷಗಳಿಗೂ ಹಳೆಯದಾದ ಈ ಕಟ್ಟಡದ ಉತ್ತರ ದ್ವಾರದ ಭಾಗವು 2016ರ ಆಗಸ್ಟ್ ತಿಂಗಳಿನಲ್ಲಿ ಕುಸಿಯಿತು. ಕೆಡವಿ ಕಟ್ಟಬೇಕೆ, ದುರಸ್ತಿ ಮಾಡಿ ಉಳಿಸಬೇಕೆ ಎಂಬ ಚರ್ಚೆ ಆಮೇಲೆ ವರ್ಷಗಟ್ಟಲೆ ನಡೆಯಿತು. ಕಟ್ಟಡದ ಬಿರುಕು ಕಣ್ಣಿಗೆ ಕಾಣುತ್ತದೆ. ಅದರೊಳಗಿನ ಮಾತಿನ ಬಿರುಕು ಕಾಣುವುದಿಲ್ಲ. ನಾನು ಮಕ್ಕಳನ್ನು ಕರೆದೊಯ್ದದ್ದು ಆ ಮಾತನ್ನು ಕೇಳಿಸಲೆಂದು.

ಮೊದಲು ಮೆಣಸಿನಕಾಯಿಯ ರಾಶಿಯ ಮುಂದೆ ನಿಂತೆವು. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವನ್ನು ರಚಿಸಿದಾಗ ಕನ್ನಡ ನಾಡಿನ ಅಡುಗೆಗೆ ಖಾರವನ್ನು ಕೊಡುತ್ತಿದ್ದುದು ಕಾಳುಮೆಣಸು. ಅಮೆರಿಕ ಖಂಡದ ಬೆಳೆಯಾದ ಮೆಣಸಿನಕಾಯಿ ಪೋರ್ಚುಗೀಸರ ಹಡಗುಗಳ ಮೂಲಕ ಅನಂತರ ಬಂದದ್ದು. ಹೊಸ ಕಾಯಿಯನ್ನು ಕಂಡ ನಮ್ಮ ಹಿರಿಯರು ಅದರ ಗುಣವನ್ನು ನೋಡಿ, ಮೆಣಸಿನ ಖಾರವುಳ್ಳ ಕಾಯಿಯೆಂದು ಹೆಸರಿಟ್ಟರು. ನೆಲಗಡಲೆಯೂ ಅದೇ ಖಂಡದಿಂದ ಬಂದು, ಮೊದಲೇ ಇದ್ದ ಕಡಲೆಯ ನಂಟಿನಿಂದ ಕಡಲೆಕಾಯಿಯಾಯಿತು. ಜೋಳದ ಬಳಗಕ್ಕೆ ಸೇರಿದ ಇನ್ನೊಂದು ಧಾನ್ಯದ ತೆನೆಯು ಸಿಪ್ಪೆಯನ್ನು ಹೊದ್ದುಕೊಂಡಿದ್ದುದರಿಂದ ಮುಸುಕಿನ ಜೋಳವೆನಿಸಿತು. ಪರಂಗಿಯವರು ತಂದ ಹಣ್ಣು ಪರಂಗಿ ಹಣ್ಣಾಯಿತು.

ಸೀಮೆಬದನೆಯ ವಿಷಯದಲ್ಲಿ ಮಕ್ಕಳಿಗೆ ವ್ಯಾಕರಣವನ್ನೂ ಹೇಳಿದೆನು. ಸಂಸ್ಕೃತದ 'ಸೀಮಾ' ಎಂಬುದು ಕನ್ನಡದಲ್ಲಿ 'ಸೀಮೆ' ಎಂದು ತದ್ಭವವಾಗಿ, ಹೊರನಾಡು ಎಂಬ ಅರ್ಥವನ್ನೂ ಪಡೆಯಿತು; ಸೀಮೆಎಣ್ಣೆ, ಸೀಮೆಸುಣ್ಣಗಳು ಇದಕ್ಕೆ ಸಾಕ್ಷಿ. ತದ್ಭವವು ಕನ್ನಡ ಪದದೊಡನೆ ಸಮಾಸವಾದರೆ ಅರಿಸಮಾಸದ ದೋಷವಿಲ್ಲ. ಕೇಶಿರಾಜನ ಹೆಸರನ್ನೇ ಕೇಳದ ಜನರು ಕಟ್ಟಿದ ಪದವು ಅವನ ಪರೀಕ್ಷೆಯಲ್ಲಿ ನಿರಾಯಾಸವಾಗಿ ತೇರ್ಗಡೆಯಾಗುತ್ತದೆ!

ಹೂವಿನ ಸಾಲಿನಲ್ಲಿ ಅಳತೆಯ ಪಾಠವಾಯಿತು. 1956ರ ತೂಕ ಮತ್ತು ಅಳತೆಗಳ ಶಾಸನದ ತರುವಾಯ ಸೇರು, ಪಾವು, ಚಟಾಕುಗಳು ವ್ಯಾಪಾರದಿಂದ ಕ್ರಮೇಣ ಸರಿದವು. ಆದರೆ ಹೂವಾಡಗಿತ್ತಿಯ ಮೊಳವೂ ಮಾರೂ ಇಂದಿಗೂ ಉಳಿದಿವೆ. ಅವಳ ಮೊಳಕೈಯೇ ಅವಳ ಅಳತೆಗೋಲು.

ಕಡೆಗೆ ಸೊಪ್ಪಿನವರ ಬಳಿ ಬಂದೆವು. ಇಪ್ಪತ್ತು ಬಗೆಯ ಸೊಪ್ಪಿನ ಹೆಸರುಗಳನ್ನು ಯಾರನ್ನೂ ಕೇಳದೆ ಬರೆಯಿರೆಂದು ಮಕ್ಕಳಿಗೆ ಹೇಳಿದೆನು. ಹೆಚ್ಚಿನವರು ಕೊತ್ತಂಬರಿ, ಮೆಂತ್ಯ, ಪಾಲಕ್, ಕರಿಬೇವುಗಳಿಗೆ ನಿಂತರು. ವ್ಯಾಕರಣದಲ್ಲಿ ಎಂದೂ ಹತ್ತು ಅಂಕಗಳನ್ನು ದಾಟದೆ ಹಿಂದಿನ ಬೆಂಚಿನಲ್ಲಿ ಮೌನವಾಗಿರುತ್ತಿದ್ದ ಒಬ್ಬ ಬಾಲಕಿ ಹತ್ತೊಂಬತ್ತು ಹೆಸರುಗಳನ್ನು ಬರೆದಿದ್ದಳು: ದಂಟು, ಹರಿವೆ, ಕೀರೆ, ಚಕ್ಕೋತ, ಸಬ್ಬಸಿಗೆ, ಬಸಳೆ, ಹೊನಗೊನ್ನೆ, ಗೋಣಿ, ಅಣ್ಣೆ... ಎಲ್ಲಿ ಕಲಿತೆಯೆಂದು ಕೇಳಿದರೆ ತಲೆ ತಗ್ಗಿಸಿದಳು. ಬಹಳ ಹೊತ್ತಿನ ಮೇಲೆ, "ನಮ್ಮಜ್ಜಿ ಸೊಪ್ಪು ಮಾರ್ತಾರೆ ಸಾರ್" ಎಂದಳು. ಅದನ್ನು ಹೇಳಲು ಅವಳಿಗೆ ನಾಚಿಕೆಯಾಗಿತ್ತು. ಎದುರಿಗೆ ಕುಳಿತಿದ್ದ ಮುದುಕಿಯೊಬ್ಬಳು ಇದನ್ನು ಕೇಳಿ ನಕ್ಕು, "ನಾಚ್ಕೆ ಯಾಕವ್ವ? ಹೆಸ್ರು ಗೊತ್ತಿಲ್ದಿದ್ರೆ ಕಳೆ ಯಾವ್ದು, ಸೊಪ್ಪು ಯಾವ್ದು ಅಂತ ಬಿಡ್ಸೋದು ಹೆಂಗೆ? ಅಲ್ವಾ ಮೇಷ್ಟ್ರೇ?" ಎಂದಳು.

ಆ ಪ್ರಶ್ನೆಗೆ ನಾನು ಹೌದೆನ್ನದೆ ಬೇರೆ ದಾರಿಯಿರಲಿಲ್ಲ. ಹೊನಗೊನ್ನೆಯ ಹೆಸರನ್ನು ಮರೆತವನಿಗೆ ಹೊಲದ ಬದುವಿನಲ್ಲಿ ಅದು ಬರಿಯ ಹುಲ್ಲು. ಹೆಸರು ಹೋದೊಡನೆ ಅಡುಗೆಯೂ ಹೋಗುತ್ತದೆ, ಅಡುಗೆಯೊಡನೆ ಅದರ ತಿಳಿವಳಿಕೆಯೂ ಹೋಗುತ್ತದೆ. ಇಷ್ಟು ವರ್ಷ ನಾನು ಕೊಟ್ಟ ಅಂಕಗಳು ಕನ್ನಡದ ಒಂದು ಭಾಗವನ್ನು ಮಾತ್ರ ಅಳೆದಿದ್ದವೆಂಬುದು ಆ ದಿನ ಮನಸ್ಸಿಗೆ ನಾಟಿತು. ಮರುದಿನ ತರಗತಿಯಲ್ಲಿ ಆ ಬಾಲಕಿಯನ್ನೇ ಕರಿಹಲಗೆಯ ಬಳಿ ನಿಲ್ಲಿಸಿ ಪಾಠ ಹೇಳಿಸಿದೆನು. ಇಪ್ಪತ್ತನೆಯ ಹೆಸರನ್ನು ಅವಳು ರಾತ್ರಿ ಅಜ್ಜಿಯಿಂದ ಕೇಳಿಕೊಂಡು ಬಂದಿದ್ದಳು.

ಅಂದಿನಿಂದ ಮಕ್ಕಳು ಒಂದು ಪದಪುಸ್ತಕವನ್ನು ಬರೆಯುತ್ತಿದ್ದಾರೆ. ಪದ, ಅದರ ಅರ್ಥ, ಅದನ್ನು ಹೇಳಿದವರ ಊರು, ಇಷ್ಟೇ ಅದರಲ್ಲಿರುವುದು. ಬೇರೆ ಬೇರೆ ಜಿಲ್ಲೆಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ತಮ್ಮೂರಿನ ಸಂತೆಯಲ್ಲಿ ಕೇಳಿದ ಹತ್ತು ಪದಗಳನ್ನಾದರೂ ಬರೆದು ಕಳುಹಿಸಬೇಕೆಂದು ವಿನಂತಿ. ಶಿಕ್ಷಕ ಬಂಧುಗಳು ವರ್ಷಕ್ಕೊಮ್ಮೆ ಮಕ್ಕಳನ್ನು ಹತ್ತಿರದ ಮಾರುಕಟ್ಟೆಗೆ ಕರೆದೊಯ್ಯಲಿ. ದಾನಿಗಳು ಈ ಪುಸ್ತಕದ ಮುದ್ರಣಕ್ಕೆ ಮನಸ್ಸು ಮಾಡಿದರೆ, ಅದರ ಮೊದಲ ಪ್ರತಿಯನ್ನು ಸೊಪ್ಪು ಮಾರುವ ಆ ಅಜ್ಜಿಯ ಕೈಗೆ ಕೊಡಬೇಕೆಂಬುದು ನನ್ನ ಆಸೆ.