ಫೌಂಡ್ರಿಯೊಳಗೊಂದು ಕಾಲೇಜಿನ ಮೇಜು

ಕಾಲೇಜು ಮತ್ತು ಕಾರ್ಖಾನೆ ಒಪ್ಪಂದಕ್ಕೆ ಸಹಿ ಹಾಕಿದ ಮರುದಿನ ಯಾರು ಯಾರ ಹತ್ತಿರ ಹೋಗಬೇಕು? ಬಹಳಷ್ಟು ಒಪ್ಪಂದಗಳು ಈ ಪ್ರಶ್ನೆಯಲ್ಲೇ ನಿಂತುಬಿಡುತ್ತವೆ. ಬೆಳಗಾವಿಯ ಉದ್ಯಮಬಾಗ್‌ನ ಫೌಂಡ್ರಿಯೊಂದರ ಜೊತೆ ನಮ್ಮ ಕಾಲೇಜು ಕೈಜೋಡಿಸಿದಾಗ ನಾವು ಬ್ರಿಟನ್ನಿನ ಪದ್ಧತಿಯೊಂದನ್ನು ನಮಗೆ ಬೇಕಾದಂತೆ ಹೊಂದಿಸಿಕೊಂಡೆವು. ಅಲ್ಲಿ 1975ರಲ್ಲಿ ‘ಟೀಚಿಂಗ್ ಕಂಪನಿ ಸ್ಕೀಮ್’ ಆಗಿ ಶುರುವಾಗಿ, 2003ರಲ್ಲಿ ‘ನಾಲೆಡ್ಜ್ ಟ್ರಾನ್ಸ್‌ಫರ್ ಪಾರ್ಟ್‌ನರ್‌ಶಿಪ್’ ಎಂಬ ಹೆಸರು ಪಡೆದ ಯೋಜನೆಯಲ್ಲಿ, ಪದವಿ ಮುಗಿಸಿದ ಒಬ್ಬರು ಕಂಪನಿಯೊಳಗೇ ಕೂತು ಕೆಲಸ ಮಾಡುತ್ತಾರೆ. ಮಾರ್ಗದರ್ಶನ ವಿಶ್ವವಿದ್ಯಾಲಯದ್ದು, ಖರ್ಚಿನಲ್ಲಿ ಕಂಪನಿಗೂ ಪಾಲು.

ನಮ್ಮಲ್ಲಿ ಎಂ.ಟೆಕ್ ಮುಗಿಸಿದ ಹುಡುಗಿಯೊಬ್ಬಳು ಫೌಂಡ್ರಿಯಲ್ಲಿ ಮೇಜು ಹಾಕಿಕೊಂಡಳು. ಕಾಸ್ಟಿಂಗ್‌ಗಳಲ್ಲಿ ಬ್ಲೋಹೋಲ್ ಕಾಟವಿತ್ತು. ಮೇಲೆ ನುಣ್ಣಗೆ ಕಾಣುವ ತುಂಡನ್ನು ಲೇತ್‌ಗೆ ಹಾಕಿ ಒಂದು ಕಟ್ ತೆಗೆದರೆ ಒಳಗೆ ತೂತು. ಅಲ್ಲಿಗೆ ಕಬ್ಬಿಣ, ಕರೆಂಟು, ದುಡಿಮೆ ಎಲ್ಲವೂ ನಷ್ಟ. ಅಚ್ಚಿನ ಮರಳಿನ ಸ್ಯಾಂಪಲ್ ಕಾಲೇಜಿನ ಲ್ಯಾಬಿಗೆ ಬರುತ್ತಿತ್ತು. ತೇವಾಂಶ, ಗಾಳಿಯಾಡುವ ಗುಣ ಎರಡೂ ಸರಿಯಾಗೇ ಇದ್ದವು. ಸೆಕೆಂಡ್ ಶಿಫ್ಟಿನಲ್ಲಿ ಅವಳು ಮಿಕ್ಸರ್ ಪಕ್ಕ ನಿಂತಿದ್ದಾಗ ಹಿರಿಯ ಮೋಲ್ಡರ್ ಒಬ್ಬರು ಮರಳನ್ನು ಮುಷ್ಟಿಯಲ್ಲಿ ಹಿಂಡಿ, ಅವಳ ಅಂಗೈಗಿಟ್ಟು ಹೇಳಿದರು: “ಉಸುಕು ಇನ್ನೂ ಬಿಸಿ ಐತಿ ನೋಡ್ರಿ ಮೇಡಮ್ಮರ, ನೀರು ಎಷ್ಟು ಹಾಕಿದ್ರೂ ನಿಲ್ಲಂಗಿಲ್ಲ.”

ಮೊದಲ ಶಿಫ್ಟಿನಲ್ಲಿ ಎರಕ ಹೊಯ್ದ ಅಚ್ಚುಗಳನ್ನು ಒಡೆದ ಮರಳು ಆರುವ ಮೊದಲೇ ಮತ್ತೆ ಮಿಕ್ಸರ್‌ಗೆ ಹೋಗುತ್ತಿತ್ತು. 50 ಡಿಗ್ರಿ ಸೆಲ್ಸಿಯಸ್ ದಾಟಿದ ಮರಳಿನಲ್ಲಿ ತೇವ ಹಿಡಿತಕ್ಕೆ ಸಿಗುವುದಿಲ್ಲ. ಎದ್ದ ಆವಿ ಅಚ್ಚಿನೊಳಗಿನ ತಣ್ಣಗಿನ ಕೋರ್ ಮೇಲೆ ನೀರಾಗಿ ಕೂರುತ್ತದೆ. ಕಾದ ಕಬ್ಬಿಣ ತಾಕಿದೊಡನೆ ಅದೇ ನೀರು ಗ್ಯಾಸ್ ಆಗುತ್ತದೆ. ಲ್ಯಾಬಿಗೆ ಬರುವಷ್ಟರಲ್ಲಿ ಸ್ಯಾಂಪಲ್ ತಣ್ಣಗಾಗಿರುತ್ತಿತ್ತು. ಮೋಲ್ಡರ್‌ಗೆ ರೋಗ ಗೊತ್ತಿತ್ತು, ನಮಗೆ ಕಾರಣ ಬಿಡಿಸಿ ಹೇಳಲು ಬರುತ್ತಿತ್ತು. ಇವೆರಡೂ ಕೂಡಿದ್ದು ಅವಳು ಅಲ್ಲಿದ್ದುದರಿಂದ. ಮಿಕ್ಸರ್ ಬಳಿ ಥರ್ಮಾಮೀಟರ್ ಬಂತು, ಮರಳು ಆರಲು ಜಾಗ ಮಾಡಿದರು, ರಿಜೆಕ್ಷನ್ ಇಳಿಯಿತು.

ಇಂಥ ಒಪ್ಪಂದ ಮಾಡಿಕೊಂಡಾಗ ಪ್ರಬಂಧ ಪ್ರಕಟಿಸುವ ಹಕ್ಕು, ಗ್ರಾಹಕರ ಡ್ರಾಯಿಂಗ್‌ಗಳ ಗೋಪ್ಯತೆ, ಇವನ್ನು ಮೊದಲ ವಾರವೇ ಬರೆದಿಟ್ಟುಕೊಳ್ಳಬೇಕು. ಕಂಪನಿ ಸ್ಟೈಪೆಂಡಿನ ಸ್ವಲ್ಪ ಭಾಗವನ್ನಾದರೂ ಕೊಡಲೇಬೇಕು. ನಮ್ಮಲ್ಲಿ ದುಡ್ಡು ಕೊಟ್ಟ ಮಾಲೀಕರು ಪ್ರತಿ ಪರಿಶೀಲನಾ ಸಭೆಗೂ ತಾವೇ ಬಂದರು. ಸೆಮಿಸ್ಟರ್ ಪರೀಕ್ಷೆಗೆ ಡಿಸ್ಪ್ಯಾಚ್ ಕಾಯುವುದಿಲ್ಲ, ಹಾಗಾಗಿ ಈ ಕೆಲಸಕ್ಕೆ ಓದುತ್ತಿರುವ ವಿದ್ಯಾರ್ಥಿಗಿಂತ ಓದು ಮುಗಿಸಿದವರೇ ಸರಿ. ಇನ್ನು, ಫೌಂಡ್ರಿಯಲ್ಲಿ ಸಂಜೆಗಳನ್ನು ಕಳೆಯುವ ಅಧ್ಯಾಪಕರ ದುಡಿಮೆಯನ್ನು ಬಡ್ತಿಯ ಹೊತ್ತಿಗೆ ಪ್ರಬಂಧದಷ್ಟೇ ತೂಕದಲ್ಲಿ ಎಣಿಸಬೇಕೆಂದು ವಿಭಾಗದ ಸಭೆಗಳಲ್ಲಿ ಕೇಳುತ್ತಲೇ ಇದ್ದೇನೆ.